ಪಾಸ್ಕ ಜಾಗರಣೆ: ಜನ ಅರ್ಧಕ್ಕೇ ಎದ್ದು ಹೋಗದ ಹಾಗೆ ಸಿದ್ಧತೆ ಹೇಗೆ?

ಮಲೆನಾಡ_ವಾಚಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಸಣ್ಣ ಕಥೋಲಿಕ ಧರ್ಮಕೇಂದ್ರ (ಚರ್ಚು). ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ರಾತ್ರಿಯ ಜಾಗರಣೆಗೆ ಸುಮಾರು 350 ಜನ ಸೇರುತ್ತಾರೆ. ಬಲಿಪೂಜೆ (ಮಾಸ್) ಕನ್ನಡದಲ್ಲೇ ನಡೆದರೂ ಕೊಂಕಣಿ, ತಮಿಳು ಮನೆಮಾತಿನವರು ಸಾಕಷ್ಟಿದ್ದಾರೆ. 2027ರಲ್ಲಿ ಹಬ್ಬ ಮಾರ್ಚ್ 28ಕ್ಕೆ, ಅಂದರೆ ಜಾಗರಣೆ 27ರ ಶನಿವಾರ ರಾತ್ರಿ. ಪೂಜಾವಿಧಿ ಸಮಿತಿಯ ಹೊಣೆ ಈ ಸಲ ನನ್ನ ಮೇಲಿದೆ, ಈಗಿನಿಂದಲೇ ಕೇಳಿಟ್ಟುಕೊಳ್ಳುತ್ತಿದ್ದೇನೆ.

ಪ್ರತಿ ವರ್ಷ ಆಗುವುದು ಇಷ್ಟು: ಜಾಗರಣೆ ಶುರುವಾಗುವ ಹೊಸ ಬೆಂಕಿ ಹತ್ತುವುದಿಲ್ಲ, ಸೀಮೆಎಣ್ಣೆ ಸುರಿಯುತ್ತಾರೆ. ಬಾಗಿಲಿಗೆ ಬರುವಷ್ಟರಲ್ಲಿ ಪಾಸ್ಕ ದೀಪ (ಆ ಬೆಂಕಿಯಿಂದ ಹಚ್ಚುವ ದೊಡ್ಡ ಮೇಣದಬತ್ತಿ) ಗಾಳಿಗೆ ಆರುತ್ತದೆ. ಮೂರನೆಯ ವಾಚನದ (ಬೈಬಲ್ ಓದಿನ) ಹೊತ್ತಿಗೆ ಮಕ್ಕಳು ನಿದ್ದೆ, ಗಂಡಸರು ಹೊರಗೆ. ‘ವಾಚನ ಮೂರೇ ಸಾಕು’ ಅಂತ ಒಂದು ಗುಂಪು, ‘ಏಳೂ ಬೇಕು’ ಅಂತ ಇನ್ನೊಂದು. ದೇವಾಲಯದ ದೀಪ ಹಾಕುವುದು ಯಾವಾಗ ಅನ್ನುವುದಕ್ಕೂ ಜಗಳ. ಈ ಸಲ ಇಬ್ಬರು ವಯಸ್ಕರ ಸ್ನಾನದೀಕ್ಷೆಯೂ (ಬ್ಯಾಪ್ಟಿಸಮ್) ಇದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.


ಸಕ್ರಿಸ್ತಿ_ಬೀಗ

ಮೊದಲು ಹೊತ್ತು ನಿಗದಿ ಮಾಡಿ, ಉಳಿದದ್ದು ಆಮೇಲೆ. ಮಾರ್ಚ್ ಕೊನೆಗೆ ನಮ್ಮ ಕಡೆ ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ. ಕಪ್ಪಗೆ ಕತ್ತಲಾಗಲು ಇನ್ನೂ ಮುಕ್ಕಾಲು ಗಂಟೆಯಾದರೂ ಬೇಕು. ಜಾಗರಣೆ ಕತ್ತಲಾದ ಮೇಲೇ ಶುರುವಾಗಬೇಕು, ಭಾನುವಾರ ಬೆಳಕು ಹರಿಯುವ ಮುಂಚೆ ಮುಗಿಯಬೇಕು. ಶನಿವಾರ ಸಂಜೆಯ ಮಾಮೂಲಿ ಪೂಜೆಯ ಹೊತ್ತಿಗೇ ಮುಗಿಸಿಬಿಡುವುದನ್ನು 1988ರ ರೋಮಿನ ಸುತ್ತೋಲೆ ನೇರವಾಗಿಯೇ ತಪ್ಪು ಎಂದಿದೆ. ಏಳೂವರೆಗಿಂತ ಮೊದಲು ಬೇಡ. ಎಂಟು ಗಂಟೆ ಇನ್ನೂ ಒಳ್ಳೆಯದು. ಎಸ್ಟೇಟ್ ಕಡೆಯಿಂದ ಬರುವವರಿಗೆ ಹಿಂದಿರುಗಲು ಜೀಪಿನ ಏರ್ಪಾಡು ಮೊದಲೇ ಮಾಡಿದರೆ ‘ಬೇಗ ಮುಗಿಸಿ’ ಅನ್ನುವ ಒತ್ತಡ ಅರ್ಧ ಕಮ್ಮಿಯಾಗುತ್ತದೆ.

ಬೆಂಕಿ. ಪೂಜಾಗ್ರಂಥ ಕೇಳುವುದು ಧಗಧಗ ಉರಿಯುವ ಬೆಂಕಿ, ತಟ್ಟೆಯಲ್ಲಿ ನಾಲ್ಕು ಕರ್ಪೂರ ಅಲ್ಲ. ಎಂಟು-ಹತ್ತು ಕಿಲೋ ಸೀಳಿದ ಒಣ ಸೌದೆ ಸಾಕು. ಅದನ್ನು ಒಂದು ವಾರ ಮುಂಚೆಯೇ ಸೂರಿನ ಕೆಳಗಿಡಿ. ಮಾರ್ಚ್-ಏಪ್ರಿಲಿನ ಅಡ್ಡಮಳೆ ಒಂದೇ ಸಂಜೆಯಲ್ಲಿ ಸೌದೆ ನೆನೆಸಿಬಿಡುತ್ತದೆ. ಅಗಲ ಬಾಯಿಯ ಕಬ್ಬಿಣದ ಬಾಣಲೆ, ಕೆಳಗೆ ನಾಲ್ಕು ಇಟ್ಟಿಗೆ, ಇಟ್ಟಿಗೆಯಡಿ ಮರಳು. ತಳದಲ್ಲಿ ಒಣ ತೆಂಗಿನ ಸಿಪ್ಪೆ ಮತ್ತು ಗರಿ, ಮೇಲೆ ಸಣ್ಣ ಕಡ್ಡಿ, ಅದರ ಮೇಲೆ ಸೌದೆಯನ್ನು ಗೋಪುರದ ಹಾಗೆ ನಿಲ್ಲಿಸಿ, ನಡುವೆ ಗಾಳಿ ಆಡಲಿ. ಒತ್ತಿ ತುಂಬಿದರೆ ಹೊಗೆ ಮಾತ್ರ ಬರುತ್ತದೆ, ಆಗಲೇ ಸೀಮೆಎಣ್ಣೆ ಡಬ್ಬ ಹೊರಗೆ ಬರುವುದು. ಬಿದಿರು ಮಾತ್ರ ಹಾಕಬೇಡಿ, ಗೆಣ್ಣು ಪಟಾಕಿಯ ಹಾಗೆ ಸಿಡಿಯುತ್ತದೆ. ಶುರುವಾಗುವ ಕಾಲು ಗಂಟೆ ಮೊದಲು ಹಚ್ಚಿ. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ನೋಡಿಕೊಳ್ಳಲು ಒಬ್ಬರೇ ಒಬ್ಬರು. ನಾಲ್ಕು ಜನ ಇದ್ದರೆ ನಾಲ್ಕು ಅಭಿಪ್ರಾಯ.

ಧೂಪಪಾತ್ರೆಯ ಕೆಂಡ ಇದೇ ಹೊಸ ಬೆಂಕಿಯದ್ದಾಗಬೇಕು. ತೆಂಗಿನ ಚಿಪ್ಪಿನ ಇದ್ದಿಲನ್ನು ಬೆಂಕಿ ಹಚ್ಚಿದಾಗಲೇ ಅಂಚಿನಲ್ಲಿಡಿ, ಆಶೀರ್ವಾದದ ಹೊತ್ತಿಗೆ ಕೆಂಪಗಾಗಿರುತ್ತದೆ. ಉದ್ದನೆಯ ಇಕ್ಕಳ ಮರೆಯಬೇಡಿ.

ಪಾಸ್ಕ ದೀಪ. ಮೇಣದ್ದೇ ಆಗಬೇಕು, ಪ್ರತಿ ವರ್ಷ ಹೊಸದು, ಒಂದೇ, ಕಣ್ಣಿಗೆ ತುಂಬುವಷ್ಟು ದೊಡ್ಡದು. ಪ್ಲಾಸ್ಟಿಕ್ ಕೊಳವೆಯೊಳಗೆ ಎಣ್ಣೆ ತುಂಬುವಂಥದ್ದು ಬೇಡ, ಹಳೆಯದಕ್ಕೆ ಇಸವಿಯ ಸ್ಟಿಕ್ಕರ್ ಬದಲಿಸುವುದೂ ಬೇಡ. ಶಿಲುಬೆ, ಆಲ್ಫಾ, ಒಮೇಗಾ, ಇಸವಿಯ ನಾಲ್ಕು ಅಂಕೆಗಳನ್ನು ಗುರುಗಳು ಅಲ್ಲಿಯೇ ಕೊರೆಯುತ್ತಾರೆ. ಮೊದಲೇ ಬಿಡಿಸಿಟ್ಟಿದ್ದರೆ ಅದರ ಮೇಲೆಯೇ ಗೆರೆ ಎಳೆಯುತ್ತಾರೆ. ಐದು ಧೂಪದ ಕಾಳು ಚುಚ್ಚುವ ಜಾಗಕ್ಕೆ ಶುಕ್ರವಾರವೇ ಕಾಯಿಸಿದ ಮೊಳೆಯಿಂದ ತೂತು ಮಾಡಿಟ್ಟಿರಿ. ಗಟ್ಟಿ ಮೇಣಕ್ಕೆ ಕತ್ತಲಲ್ಲಿ ಒತ್ತಿ ಚುಚ್ಚಿದರೆ ಮೇಣ ಸೀಳುತ್ತದೆ, ಕಾಳು ನೆಲಕ್ಕೆ ಬೀಳುತ್ತದೆ, ಹುಡುಕಲು ಯಾರೋ ಮೊಬೈಲ್ ಟಾರ್ಚ್ ಹಾಕುತ್ತಾರೆ. ಕತ್ತಲು ಅಲ್ಲಿಗೆ ಮುಗಿಯಿತು.

ಬತ್ತಿಯನ್ನು ಹಿಂದಿನ ದಿನ ಐದು ನಿಮಿಷ ಉರಿಸಿ ಆರಿಸಿಡಿ. ಹೊಸ ಬತ್ತಿಗೆ ಮೇಣದ ಪದರ ಇರುತ್ತದೆ, ಸುಲಭಕ್ಕೆ ಹಿಡಿಯುವುದಿಲ್ಲ. ಬೆಂಕಿಯಿಂದ ನೇರ ಹಚ್ಚಲು ಹೋಗಬೇಡಿ, ಮೇಣ ಕರಗಿ ಸುರಿಯುತ್ತದೆ. ಸಣ್ಣ ಮೇಣದಬತ್ತಿಯಲ್ಲಿ ಬೆಂಕಿ ತೆಗೆದು ಹಚ್ಚಿ. ಅದೇ ಬೆಂಕಿಯಿಂದ ಒಂದು ಗಾಜಿನ ಲಾಟೀನು ಹಚ್ಚಿ ಪೀಠಬಾಲಕನೊಬ್ಬನ ಕೈಗೆ ಕೊಡಿ. ದೀಪ ಗಾಳಿಗೆ ಆರಿದರೆ ಹೊಸ ಬೆಂಕಿಯಿಂದಲೇ ಮತ್ತೆ ಹಚ್ಚಬಹುದು, ಯಾರ ಜೇಬಿನ ಲೈಟರೂ ಬೇಡ. ಮೆರವಣಿಗೆಯಲ್ಲಿ ಮುಂದೆ ಧೂಪ, ಹಿಂದೆ ಪಾಸ್ಕ ದೀಪ, ಆಮೇಲೆ ಗುರುಗಳು, ಜನ. ಶಿಲುಬೆಯಾಗಲಿ ಬೇರೆ ದೀಪಗಳಾಗಲಿ ಇಲ್ಲ.

‘ಕ್ರಿಸ್ತ ಜ್ಯೋತಿ’ ಘೋಷಣೆ ಮೂರು ಕಡೆ: ದೇವಾಲಯದ ಬಾಗಿಲಲ್ಲಿ, ನಡುವೆ, ಪೀಠದ ಮುಂದೆ. ಮೊದಲನೆಯದಕ್ಕೆ ಗುರುಗಳ ಬತ್ತಿ ಹತ್ತುತ್ತದೆ, ಎರಡನೆಯದಕ್ಕೆ ಜನರದ್ದು. ನಡುಹಾದಿಯ ಎರಡೂ ಬದಿಗೆ ತಲಾ ನಾಲ್ವರನ್ನು ಬೆಳಕು ಹಂಚಲು ನೇಮಿಸಿ, ಇಲ್ಲದಿದ್ದರೆ 350 ಬತ್ತಿ ಹತ್ತುವುದು ಹತ್ತು ನಿಮಿಷದ ಕೆಲಸ. ಒಂದು ಮಾತು ಮೊದಲೇ ಹೇಳಿಕೊಡಿ: ಉರಿಯುವ ಬತ್ತಿ ನೆಟ್ಟಗಿರಬೇಕು, ಹಚ್ಚಬೇಕಾದದ್ದು ವಾಲಬೇಕು. ಉಲ್ಟಾ ಮಾಡಿದರೆ ಕಾದ ಮೇಣ ಪಕ್ಕದವರ ಸೆರಗಿನ ಮೇಲೆ. ಬತ್ತಿಗೆ ರಟ್ಟಿನ ಬಿಲ್ಲೆ ಕಡ್ಡಾಯ. ಹೂ ಮುಡಿದ ಜಡೆಯ ಹಿಂದೆ ಮಕ್ಕಳ ಕೈಗೆ ಬತ್ತಿ ಕೊಟ್ಟು ಕೂರಿಸಬೇಡಿ.

ದೇವಾಲಯದ ಎಲ್ಲ ದೀಪ ಗ್ಲೋರಿಯದವರೆಗೆ (ಹಳೆಯ ಒಡಂಬಡಿಕೆಯ ವಾಚನಗಳಾದ ಮೇಲಿನ ಸ್ತುತಿಗೀತೆ) ಆರಿರಲಿ. ಒಮ್ಮೆಲೇ ಬೆಳಕು, ಗಂಟೆ, ಹಾಡು. ಅದರ ಸೊಗಸೇ ಬೇರೆ.


ವಾಚನಪೀಠ

ಕೊನೆಯ ಮಾತು ಒಪ್ಪಲಾರೆ. ಪೂಜಾಗ್ರಂಥದ ಪ್ರಕಾರ ಮೂರನೆಯ ‘ಕ್ರಿಸ್ತ ಜ್ಯೋತಿ’ ಆದ ಮೇಲೆ ದೇವಾಲಯದ ದೀಪಗಳನ್ನು ಹಾಕಬೇಕು. ಗ್ಲೋರಿಯದವರೆಗೆ ಕಾಯುವುದು ಬಲಿಪೀಠದ ಮೇಲಿನ ಬತ್ತಿಗಳು ಮಾತ್ರ. ನಮ್ಮಲ್ಲಿ ಬಹಳ ಕಡೆ ಇವೆರಡನ್ನೂ ಸೇರಿಸಿ ಒಂದು ಗಂಟೆ ಜನರನ್ನು ಕತ್ತಲಲ್ಲಿ ಕೂರಿಸುತ್ತಾರೆ. ಆಮೇಲೆ ನಿದ್ದೆ ಬಂತು ಅಂತ ವಾಚನಗಳನ್ನು ಬೈಯುತ್ತಾರೆ. ಕತ್ತಲನ್ನು ಗೆಲ್ಲುವುದು ಪಾಸ್ಕ ದೀಪ, ಟ್ಯೂಬ್‌ಲೈಟ್ ಸ್ವಿಚ್ ಅಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿ ಕಣ್ಣು ಕುಕ್ಕಿಸಬೇಕೆಂದೇನೂ ಇಲ್ಲ, ಅರ್ಧ ಹಾಕಿ, ಉಳಿದದ್ದು ಗ್ಲೋರಿಯಕ್ಕೆ.

ಈಗ ವಾಚನಗಳು. ಹಳೆಯ ಒಡಂಬಡಿಕೆಯಿಂದ ಏಳು, ಹೊಸದರಿಂದ ಪತ್ರ ಮತ್ತು ಶುಭಸಂದೇಶ, ಒಟ್ಟು ಒಂಬತ್ತು. ಕಾರಣವಿದ್ದರೆ ಹಳೆಯದರಿಂದ ಮೂರಕ್ಕೆ ಇಳಿಸಬಹುದು, ತೀರಾ ಅನಿವಾರ್ಯವಾದರೆ ಎರಡಕ್ಕೆ. ವಿಮೋಚನಾಕಾಂಡ 14ನ್ನು ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಹಾಗಾಗಿ ನಿಮ್ಮ ಎರಡು ಗುಂಪಿನವರೂ ನಿಯಮದ ಒಳಗೇ ಇದ್ದಾರೆ. ನನ್ನ ಸಲಹೆ ಐದು: ಆದಿಕಾಂಡ 1, ಆದಿಕಾಂಡ 22, ವಿಮೋಚನಾಕಾಂಡ 14, ಯೆಶಾಯ 55, ಯೆಜೆಕಿಯೇಲ 36. ಸ್ನಾನದೀಕ್ಷೆ ಇರುವುದರಿಂದ ಕೊನೆಯ ಎರಡು ಬೇಕೇ ಬೇಕು. ‘ಬಾಯಾರಿದವರೇ ಬನ್ನಿ’ ಎನ್ನುವ ಯೆಶಾಯ, ಶುದ್ಧ ನೀರು ಚಿಮುಕಿಸುವ, ಹೊಸ ಹೃದಯ ಕೊಡುವ ಮಾತಿನ ಯೆಜೆಕಿಯೇಲ. ಅರ್ಧ ಗಂಟೆ ಬಿಟ್ಟು ಅದೇ ನೀರು ಕಣ್ಣೆದುರು ಬರುತ್ತದೆ. ಏಳರಲ್ಲಿ ಒಂದಾದ ಬಾರೂಕನ ಭಾಗ ಒಳ್ಳೆಯದೇ, ಆದರೆ ತರ್ಕ ಬಿಗಿ. ಓದಿ ಪಳಗಿದವರಿಲ್ಲದಿದ್ದರೆ ಕೇಳುವವರಿಗೆ ಏನೂ ಉಳಿಯುವುದಿಲ್ಲ. ಶುಭಸಂದೇಶ 2027ಕ್ಕೆ ಮೂರು ವರ್ಷದ ವಾಚನಚಕ್ರದ ಬಿ ವರ್ಷದ್ದು, ಮಾರ್ಕ 16:1-7. ಸಮಾಧಿಗೆ ಬಂದ ಸ್ತ್ರೀಯರಿಗೆ ಯುವಕನೊಬ್ಬ ಸುದ್ದಿ ಹೇಳುವ ಪ್ರಸಂಗ.

ಜನ ಎದ್ದು ಹೋಗುವುದು ಓದು ಉದ್ದವಾದ್ದಕ್ಕಲ್ಲ, ಓದುಗಳ ಮಧ್ಯೆ ಏನೇನೋ ತುರುಕುವುದಕ್ಕೆ. ಪ್ರತಿ ವಾಚನಕ್ಕೆ ಮುಂಚೆ ಒಂದು ಪುಟ ಪೀಠಿಕೆ, ಅದನ್ನು ಓದಲು ಬೇರೆ ಒಬ್ಬರು, ಅವರು ಮೈಕಿಗೆ ನಡೆದು ಬರಲು ಅರ್ಧ ನಿಮಿಷ. ಪೀಠಿಕೆ ಬೇಕೆಂದರೆ ಎರಡು ವಾಕ್ಯ. ಅದೂ ಸಾರಾಂಶವಲ್ಲ, ಮುಂದೆ ಕೇಳಲಿರುವುದನ್ನೇ ಮೊದಲೇ ಹೇಳಿಬಿಟ್ಟರೆ ಯಾರು ಕೇಳುತ್ತಾರೆ? ಕ್ರಮ ಸರಳ: ವಾಚನ, ಕೀರ್ತನೆ, ಎಲ್ಲರೂ ಎದ್ದು ನಿಲ್ಲುವುದು, ‘ಪ್ರಾರ್ಥಿಸೋಣ’, ಮೌನ, ಪ್ರಾರ್ಥನೆ, ಕುಳಿತುಕೊಳ್ಳುವುದು. ಪ್ರತಿ ಸಲ ಎದ್ದು ಕೂರುವುದರಿಂದಲೇ ಅರ್ಧ ನಿದ್ದೆ ಹೋಗುತ್ತದೆ. ‘ಪ್ರಾರ್ಥಿಸೋಣ’ ಆದ ಮೇಲಿನ ಮೌನವನ್ನು ನುಂಗಬೇಡಿ. ಮನಸ್ಸಿನಲ್ಲೇ ಇಪ್ಪತ್ತು ಎಣಿಸಲು ಗುರುಗಳಿಗೆ ವಿನಂತಿ ಮಾಡಿ.

ಐದು ವಾಚನಕ್ಕೆ ಐವರು ಬೇರೆ ಬೇರೆ ವಾಚಕರು, ಎಲ್ಲರಿಗೂ ಮೂರು ವಾರ ಮೊದಲೇ ಪಠ್ಯ ಕೈಯಲ್ಲಿ. ವಾಚನಗ್ರಂಥದಿಂದಲೇ ಓದಲಿ, ಮೊಬೈಲಿನಿಂದಲೂ ಜೆರಾಕ್ಸ್ ಹಾಳೆಯಿಂದಲೂ ಬೇಡ. ಅಭ್ಯಾಸ ದೇವಾಲಯದಲ್ಲೇ, ಮೈಕ್ ಹಾಕಿ, ಒಬ್ಬರನ್ನು ಕಡೆಯ ಬೆಂಚಿನಲ್ಲಿ ಕೂರಿಸಿ. ಮೈಕಿನಿಂದ ಒಂದು ಗೇಣು ದೂರ. ಆದಿಕಾಂಡ 1ರಲ್ಲಿ ‘ಸಾಯಂಕಾಲವಾಯಿತು, ಬೆಳಗಾಯಿತು’ ಎನ್ನುವ ಸಾಲು ಪ್ರತಿ ದಿನದ ಕೊನೆಗೆ ಬರುತ್ತದೆ. ಅಲ್ಲಿ ದನಿ ಇಳಿಸಿ ಎರಡು ಕ್ಷಣ ನಿಲ್ಲಬೇಕು. ನಿಲ್ಲದೆ ಓಡಿದರೆ ಆರು ದಿನವೂ ಒಂದೇ ದಿನದ ಹಾಗೆ ಕೇಳುತ್ತದೆ. ಆದಿಕಾಂಡದ ಎರಡು ವಾಚನಗಳಿಗೂ ಚಿಕ್ಕ ರೂಪ ಇದೆ. ಆದರೆ ಸೃಷ್ಟಿಯ ವಾಚನವನ್ನು ಚಿಕ್ಕದಾಗಿಸಿದರೆ ಬೆಳಕು ಹುಟ್ಟುವ ಮೊದಲ ದಿನವೇ ಹಾರಿಹೋಗುತ್ತದೆ. ಆಗಷ್ಟೇ ಕೈಯಲ್ಲಿ ದೀಪ ಹಿಡಿದಿದ್ದವರಿಗೆ ಅದನ್ನೇ ತಪ್ಪಿಸುವುದೇ? ಚಿಕ್ಕದು ಮಾಡಲೇಬೇಕೆಂದರೆ ಅಬ್ರಹಾಮನದ್ದು ಮಾಡಿ.


ಬಿಳಿ_ನಾಲ್ಕು

ಹಾಡಿನ ಕಡೆಯಿಂದ ನಾಲ್ಕು ಮಾತು.

ಪವಿತ್ರ ಗುರುವಾರದ ಗ್ಲೋರಿಯ ಮುಗಿದಾಗಿನಿಂದ ಜಾಗರಣೆಯ ಗ್ಲೋರಿಯದವರೆಗೆ ವಾದ್ಯಗಳು ಹಾಡಿಗೆ ಆಸರೆ ಕೊಡಲು ಮಾತ್ರ. ಅಂದರೆ ಕೀರ್ತನೆಗಳಿಗೆ ಹಾರ್ಮೋನಿಯಂ ಶ್ರುತಿ ಸಾಕು. ಕೀಬೋರ್ಡಿನ ರಿದಮ್, ಮಧ್ಯದ ಬಿಜಿಎಂ, ತಬಲಾ ತಿಹಾಯಿ ಎಲ್ಲ ಗ್ಲೋರಿಯಕ್ಕೆ ಕಾಯಲಿ.

ಎಕ್ಸುಲ್ತೆತ್ ಎಂಬ ಪಾಸ್ಕ ಘೋಷಣೆ ಉದ್ದದ ರೂಪದಲ್ಲಿ ಹತ್ತು ನಿಮಿಷದ ಹಾಡು. ಚಿಕ್ಕ ರೂಪವೂ ಇದೆ. ಹಾಡಬೇಕಾದವರು ಡೀಕನ್ (ಗುರುಗಳಿಗಿಂತ ಕೆಳಗಿನ ದೀಕ್ಷೆಯವರು), ಅವರಿಲ್ಲದಿದ್ದರೆ ಗುರುಗಳು. ಅವರಿಗೂ ಸ್ವರ ಹಿಡಿಯದಿದ್ದರೆ ಗಾಯಕರೊಬ್ಬರು ಹಾಡಬಹುದು. ಗಾಯಕರಾದರೆ ‘ಪ್ರಭು ನಿಮ್ಮೊಡನೆ ಇರಲಿ’ ಎನ್ನುವ ಭಾಗವನ್ನೂ, ಅದಕ್ಕೆ ಮುಂಚೆ ಹಾಡುವವನು ತನಗಾಗಿ ಪ್ರಾರ್ಥಿಸಲು ಕೇಳುವ ಸಾಲುಗಳನ್ನೂ ಬಿಡಬೇಕು. ಎರಡು ದಿನ ಮೊದಲು ಕೈಗೆ ಪುಸ್ತಕ ಕೊಟ್ಟು ಹಾಡಿ ಅಂದರೆ ಆಗದು. ತಪಸ್ಸುಕಾಲದ (ಪಾಸ್ಕಕ್ಕೆ ಮುಂಚಿನ ನಲವತ್ತು ದಿನ) ಮೊದಲ ವಾರದಿಂದಲೇ ದಿನಕ್ಕೊಂದು ಪುಟ. ಜನ ನಿಂತು ಕೈಯಲ್ಲಿ ಬತ್ತಿ ಹಿಡಿದಿರುತ್ತಾರೆ, ಹಾಡು ಎಡವಿದರೆ ಕಣ್ಣು ಬತ್ತಿಯ ಮೇಣದ ಕಡೆ ಹೋಗುತ್ತದೆ.

ವಿಮೋಚನಾಕಾಂಡದ ವಾಚನ ಕೊನೆಯಾಗುವುದೇ ಮೋಶೆ ಮತ್ತು ಇಸ್ರಯೇಲರು ಹಾಡಿದರು ಎನ್ನುವಲ್ಲಿ. ಆ ಹಾಡೇ ಮುಂದಿನ ಕೀರ್ತನೆ. ವಾಚಕರು ಮುಗಿಸುವ ಎರಡು ವಾಕ್ಯ ಮೊದಲೇ ಗಾಯಕರು ನಿಂತಿರಬೇಕು, ಶ್ರುತಿ ಕಿವಿಯಲ್ಲಿರಬೇಕು. ಪುಟ ಮಗುಚುವುದು, ಮೈಕ್ ಹುಡುಕುವುದು ಎಂದು ಅರ್ಧ ನಿಮಿಷ ಹೋದರೆ ಸಮುದ್ರ ದಾಟಿದ ಉತ್ಸಾಹ ಅಲ್ಲೇ ಮುಳುಗುತ್ತದೆ.

ಕೀರ್ತನೆಯ ಪಲ್ಲವಿ ಏಳೆಂಟು ಪದಗಳ ಒಳಗಿರಲಿ, ಜನರ ಬಾಯಿಗೆ ಕೂರಬೇಕು. ತಪಸ್ಸುಕಾಲದ ಭಾನುವಾರಗಳಂದು ಪೂಜೆಗೆ ಮುಂಚೆ ಐದು ನಿಮಿಷ ವಾರಕ್ಕೊಂದು ಪಲ್ಲವಿ ಕಲಿಸಿದರೆ ಐದೂ ಬರುತ್ತವೆ. ಅಲ್ಲೆಲೂಯ ಮಾತ್ರ ಕಲಿಸಬೇಡಿ, ಆ ನಲವತ್ತು ದಿನ ಅದು ಬಾಯಿಗೆ ಬರಬಾರದ ಪದ. ಎಲ್ಲರಿಗೂ ಗೊತ್ತಿರುವ ಹಳೆಯ ಧಾಟಿಯನ್ನೇ ಹಿಡಿಯಿರಿ. ರಾತ್ರಿ ಅದನ್ನು ಗುರುಗಳು ಮೂರು ಸಲ, ಪ್ರತಿ ಸಲ ಒಂದು ಮೆಟ್ಟಿಲು ಏರಿಸಿ ಹಾಡುತ್ತಾರೆ, ಜನ ಮರುಹಾಡುತ್ತಾರೆ. ಎಡವುವುದು ಇಲ್ಲೇ: ಮೊದಲನೆಯದನ್ನೇ ಎತ್ತರಕ್ಕೆ ಹಿಡಿದು ಮೂರನೆಯದಕ್ಕೆ ಗಂಟಲು ಕೈಕೊಡುತ್ತದೆ. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಶುರು ಮಾಡಿ, ಬಿಳಿ ಎರಡು, ಬಿಳಿ ಮೂರು. ಗುರುಗಳಿಗೆ ಕಷ್ಟವಾದರೆ ಗಾಯಕರು ಎತ್ತಿಕೊಡಬಹುದು.

ಗ್ಲೋರಿಯ ಹೊಸ ಟ್ಯೂನ್ ಬೇಡ. ಗಂಟೆ ಬಾರಿಸುವವರಿಗೆ ಎಷ್ಟು ಹೊತ್ತು ಎಂದು ಹೇಳಿ. ಹಾಡಿನುದ್ದಕ್ಕೂ ಢಣಢಣ ಬಾರಿಸಿದರೆ ತಾಳ ಹೋಗುತ್ತದೆ. ಮೊದಲ ಎರಡು ಸಾಲಿಗೆ ಸಾಕು.


ಉಪದೇಶಿ_ಹಂಡೆ

ನೀರಿನ ವಿಷಯ ಯಾರೂ ಎತ್ತಲಿಲ್ಲ.

ಸಂತರ ಮನವಿಮಾಲೆಯಿಂದ (ಸಂತರ ಹೆಸರು ಹಿಡಿದು ಬೇಡುವ ಹಾಡು) ಶುರು. ಪಾಸ್ಕಕಾಲವಾದ್ದರಿಂದ ನಿಂತೇ ಹಾಡುವುದು. ದೀಕ್ಷೆ ಪಡೆಯುವವರ ಪಾಲಕ ಸಂತರ ಹೆಸರು ಸೇರಿಸಿ, ಪಟ್ಟಿಯನ್ನು ಗಾಯಕರಿಗೆ ಮೊದಲೇ ಕೊಡಿ. ಸ್ನಾನದೀಕ್ಷೆಯೂ ಇಲ್ಲ, ದೀಕ್ಷಾಕೊಳದ ನೀರೂ ಮಂತ್ರಿಸುವುದಿಲ್ಲ ಅಂದರೆ ಮನವಿಮಾಲೆ ಬಿಡಬೇಕು. ನಿಮಗೆ ಆ ಪ್ರಶ್ನೆ ಇಲ್ಲ.

ತಾಮ್ರದ ಹಂಡೆ ಅತ್ಯುತ್ತಮ. ಬಾಯಿ ಅಗಲ, ಆಳ ಒಂದು ಮೊಳವಾದರೂ ಇರಲಿ. ಪಾಸ್ಕ ದೀಪದ ಬುಡವನ್ನು ನೀರಿಗೆ ಇಳಿಸುವ ಕ್ರಮ ಐಚ್ಛಿಕ, ಆದರೆ ಮಾಡಿದರೆ ಮರೆಯಲಾಗದ ದೃಶ್ಯ. ದೀಪ ಸ್ಟ್ಯಾಂಡಿನಿಂದ ಸಲೀಸಾಗಿ ಎದ್ದು ಬರುತ್ತದೆಯೇ ನೋಡಿಕೊಳ್ಳಿ. ಕೆಲವರು ಅಲ್ಲಾಡಬಾರದೆಂದು ಕಾಗದ ತುರುಕಿ ಬಿಗಿದಿರುತ್ತಾರೆ, ಗುರುಗಳು ಎಳೆದಾಗ ಸ್ಟ್ಯಾಂಡೇ ಎದ್ದು ಬರುತ್ತದೆ. ಹೂವಿನ ಹಾರ ಬುಡಕ್ಕೆ ಸುತ್ತಬೇಡಿ.

ಜನ ಮನೆಗೆ ಒಯ್ಯಲು ಬೇರೆ ನೀರು ಬೇಕು. ಮನೆಗೆ ಅರ್ಧ ಲೀಟರ್, ನೂರು ಮನೆ ಅಂದರೆ 50 ಲೀಟರ್. ದೊಡ್ಡ ಸ್ಟೀಲ್ ಡ್ರಮ್ಮನ್ನು ಹಂಡೆಯ ಪಕ್ಕವೇ ಇಟ್ಟರೆ ಒಂದೇ ಪ್ರಾರ್ಥನೆಯಲ್ಲಿ ಎರಡೂ ಆಗುತ್ತದೆ, ನಲ್ಲಿ ಇರುವ ಡ್ರಮ್ಮಾದರೆ ಕೊನೆಯಲ್ಲಿ ನೂಕುನುಗ್ಗಲಿಲ್ಲ.

ವಯಸ್ಕರ ದೀಕ್ಷೆಗೆ ತಲೆಯ ಮೇಲೆ ಧಾರಾಳ ನೀರು ಸುರಿಯಲಿ, ಹನಿ ಹಾಕುವುದಲ್ಲ. ಕೆಳಗೆ ಅಗಲ ಹಿತ್ತಾಳೆ ಪರಾತ, ಪಕ್ಕದಲ್ಲಿ ಎರಡು ಟವೆಲ್, ಬಿಳಿ ಬಟ್ಟೆ, ಪಾಸ್ಕ ದೀಪದಿಂದ ಹಚ್ಚಲು ಬತ್ತಿ. ದೀಕ್ಷೆ ಕೊಟ್ಟ ಗುರುಗಳೇ ಅಲ್ಲಿಯೇ ದೃಢೀಕರಣವನ್ನೂ (ತೈಲ ಹಚ್ಚಿ ಕೊಡುವ ಸಂಸ್ಕಾರ) ಕೊಡುತ್ತಾರೆ, ಅದಕ್ಕೆ ಆ ವರ್ಷದ ಕ್ರಿಸ್ಮ ತೈಲ ಸಕ್ರಿಸ್ತಿಗೆ (ಪೂಜಾಸಾಮಗ್ರಿಯ ಕೋಣೆ) ಬಂದಿದೆಯೇ ಎಂದು ಗುರುವಾರವೇ ಖಚಿತಪಡಿಸಿಕೊಳ್ಳಿ. ಜ್ಞಾನಪಿತ, ಜ್ಞಾನಮಾತೆ ಮುಂದಿನ ಸಾಲಿನಲ್ಲಿ ಕೂರಲಿ.

ಆಮೇಲೆ ಜನರ ಬತ್ತಿಗಳು ಮತ್ತೆ ಹತ್ತಬೇಕು. ಪಾಸ್ಕ ಘೋಷಣೆ ಮುಗಿದಾಗ ಆರಿಸಿದ್ದರಲ್ಲ, ಅವೇ. ಸ್ನಾನದೀಕ್ಷೆಯ ಪ್ರಮಾಣ ನವೀಕರಣ, ನೀರಿನ ಸಂಪ್ರೋಕ್ಷಣೆ. ಲೋಹದ ಪ್ರೋಕ್ಷಣದ ಕೋಲಿನಿಂದ ಮೂರು ಬೆಂಚಿಗೆ ನೀರು ಮುಗಿಯುತ್ತದೆ. ಮಾವಿನ ಸೊಪ್ಪಿನ ಸಣ್ಣ ಕಟ್ಟು ಮಾಡಿ, ನೀರು ಚೆನ್ನಾಗಿ ಹಿಡಿಯುತ್ತದೆ. ಮೈಕಿನ ವೈರು, ಎಕ್ಸ್‌ಟೆನ್ಷನ್ ಬಾಕ್ಸ್ ನಡುಹಾದಿಯಲ್ಲಿ ಇರಲೇಬಾರದು. ಇದಾದ ಮೇಲೆ ವಿಶ್ವಾಸ ಸಂಗ್ರಹ ಹೇಳುವುದಿಲ್ಲ, ನೇರವಾಗಿ ವಿಶ್ವಾಸಿಗಳ ಪ್ರಾರ್ಥನೆ. ಹೊಸಬರು ಅದರಲ್ಲಿ ಮೊದಲ ಸಲ ಪಾಲ್ಗೊಳ್ಳುತ್ತಾರೆ, ಕಾಣಿಕೆಯ ರೊಟ್ಟಿ-ದ್ರಾಕ್ಷಾರಸವನ್ನೂ ಅವರೇ ತರಲಿ.


ಮಲೆನಾಡ_ವಾಚಕಿ

ತುಂಬಾ ಧನ್ಯವಾದ. ಎರಡು ಅನುಮಾನ. ಕೊಂಕಣಿ, ತಮಿಳಿನವರಿಗೆ ಏನು ಮಾಡುವುದು? ಪ್ರೊಜೆಕ್ಟರಿನಲ್ಲಿ ಎಲ್ಲ ಭಾಷೆಯಲ್ಲೂ ಹಾಕಬೇಕೆಂದು ಯುವಕರು ಹೇಳುತ್ತಿದ್ದಾರೆ. ಇನ್ನೊಂದು, ಮೇಣದ ಬದಲು ದೊಡ್ಡ ಕಾಲುದೀಪವನ್ನೇ ಪಾಸ್ಕ ದೀಪವಾಗಿ ಇಡಬಹುದೇ? ನಮ್ಮ ನೆಲಕ್ಕೆ ಹತ್ತಿರ ಅಂತ ಒಬ್ಬರ ವಾದ.


ವಾಚನಪೀಠ

ಒಂದೇ ವಾಚನವನ್ನು ಎರಡು ಭಾಷೆಯಲ್ಲಿ ಓದಿಸಬೇಡಿ. ಐದರಲ್ಲಿ ಒಂದನ್ನು ಕೊಂಕಣಿಯಲ್ಲಿ, ಒಂದನ್ನು ತಮಿಳಿನಲ್ಲಿ ಓದಿಸಿ, ಆ ವಾಚನದ ಕೀರ್ತನೆ ಕನ್ನಡದಲ್ಲಿ ಇರಲಿ. ವಿಮೋಚನಾಕಾಂಡವೂ ಶುಭಸಂದೇಶವೂ ಕನ್ನಡದಲ್ಲೇ. ಪ್ರಾರ್ಥನೆಗಳನ್ನು ತುಂಡು ತುಂಡಾಗಿ ಮೂರು ಭಾಷೆಗೆ ಹಂಚಿದರೆ ಯಾರಿಗೂ ಪೂರ್ತಿ ತಲುಪುವುದಿಲ್ಲ. ಪ್ರೊಜೆಕ್ಟರ್ ಬೇಡ. ಕತ್ತಲಲ್ಲಿ ಹತ್ತಡಿಯ ಬಿಳಿ ಪರದೆ ಬೆಳಗುತ್ತಿದ್ದರೆ ಪಾಸ್ಕ ದೀಪವನ್ನು ಯಾರು ನೋಡುತ್ತಾರೆ? ಗೋಡೆಯ ಎಲ್‌ಇಡಿ ಸರ, ಬಾಗಿಲ ಎದುರಿನ ಬೀದಿದೀಪ, ಇವನ್ನೂ ಆ ಹೊತ್ತಿಗೆ ಆರಿಸುವ ಏರ್ಪಾಡಿರಲಿ. ಮೈಕಿನ ಲೈನು ಮಾತ್ರ ಬೇರೆ ಸ್ವಿಚ್ಚಿನಲ್ಲಿರಬೇಕು. ಮೇನ್ ಆಫ್ ಮಾಡಿ ಮೈಕನ್ನೂ ಕೊಂದ ಊರುಗಳು ಬೇಕಾದಷ್ಟಿವೆ.


ಸಕ್ರಿಸ್ತಿ_ಬೀಗ

ದೀಪ ಹಾಕುವ ಹೊತ್ತಿನ ಬಗ್ಗೆ ವಾಚನಪೀಠ ಹೇಳಿದ್ದು ಸರಿ, ಪುಸ್ತಕ ತೆಗೆದು ನೋಡಿದೆ. ನಾನು ಬರೆದದ್ದು ರೂಢಿ.

ಕಾಲುದೀಪ: ಭಾರತದ ಪೂಜಾವಿಧಿಗೆ 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಮೇಣದಬತ್ತಿಯ ಬದಲು ಎಣ್ಣೆದೀಪ ಬಳಸಬಹುದೆಂಬುದೂ ಇದೆ, ಅಂಜಲಿ, ಆರತಿಗಳ ಜೊತೆಗೆ. ಹಾಗಾಗಿ ಬಲಿಪೀಠದ ಬಳಿ ಕಾಲುದೀಪ ಇಡಿ, ಗ್ಲೋರಿಯಕ್ಕೆ ಅದರ ಐದು ಬತ್ತಿ ಹಚ್ಚಿ, ಚೆಂದವೇ. ಪಾಸ್ಕ ದೀಪದ ಮಾತು ಬೇರೆ, ಅದು ಮೇಣದ್ದೇ. ಪಾಸ್ಕ ಘೋಷಣೆಯಲ್ಲೇ ಜೇನುಹುಳುಗಳ ದುಡಿಮೆಯನ್ನು ಹೊಗಳುವ ಸಾಲುಗಳಿವೆ. ಎಣ್ಣೆದೀಪದ ಮುಂದೆ ನಿಂತು ಅದನ್ನು ಹಾಡುವುದು ಹೇಗೆ?

ಎಲ್ಲ ಸೇರಿ ಐದು ವಾಚನಕ್ಕೆ ಸುಮಾರು ಎರಡೂವರೆ ಗಂಟೆ ಲೆಕ್ಕ ಹಿಡಿಯಿರಿ. ಬೆಂಕಿ, ಮೆರವಣಿಗೆ 25 ನಿಮಿಷ, ಘೋಷಣೆ 10, ಐದು ವಾಚನ-ಕೀರ್ತನೆ-ಪ್ರಾರ್ಥನೆ 40, ಗ್ಲೋರಿಯದಿಂದ ಪ್ರಬೋಧನೆಯವರೆಗೆ 20, ನೀರು ಮತ್ತು ದೀಕ್ಷೆ 25, ಉಳಿದದ್ದು 35. ಕೊನೆಯ ವಂದನಾರ್ಪಣೆ, ಶಾಲು ಹೊದಿಸುವುದು, ಮುಂದಿನ ತಿಂಗಳ ಪ್ರಕಟಣೆ, ಇವಕ್ಕೆ ಇದರಲ್ಲಿ ಜಾಗ ಇಟ್ಟಿಲ್ಲ, ಬೇಕೆಂದೇ.

ಮತ್ತೆ ಬೆಳಿಗ್ಗೆ ಏಳಕ್ಕೆ ಹಬ್ಬದ ಪೂಜೆ ಇರುತ್ತದೆ, ನೆಲದ ತುಂಬ ಮೇಣ. ಬಿಸಿಯಿದ್ದಾಗ ಒರೆಸಿದರೆ ಹರಡಿ ರೆಡ್ ಆಕ್ಸೈಡ್ ನೆಲ ಜಾರುಬಂಡೆಯಾಗುತ್ತದೆ. ಅರ್ಧ ಗಂಟೆ ಬಿಡಿ, ಗಟ್ಟಿಯಾದ ಮೇಲೆ ತೆಂಗಿನ ಚಿಪ್ಪಿನ ಅಂಚಿನಿಂದ ಕೆರೆದರೆ ಎದ್ದು ಬರುತ್ತದೆ, ನೆಲಕ್ಕೆ ಗೀರು ಬೀಳುವುದಿಲ್ಲ. ಪೀಠದ ಬಟ್ಟೆಗೆ ಬಿದ್ದಿದ್ದರೆ ಕೆಳಗೂ ಮೇಲೂ ಅಚ್ಚಿಲ್ಲದ ಖಾಲಿ ಕಾಗದ ಇಟ್ಟು ಇಸ್ತ್ರಿ ಮಾಡಿ, ಮೇಣ ಕಾಗದಕ್ಕೆ ಹೀರಿಕೊಳ್ಳುತ್ತದೆ. ನ್ಯೂಸ್‌ಪೇಪರ್ ಇಟ್ಟರೆ ಅಕ್ಷರ ಬಟ್ಟೆಗೆ ಹತ್ತುತ್ತದೆ.